ಎಡಬಾಗಿಲ ಸ್ಟೂಲು

ಮುನಾವರ್ ಪಾಷಾನ ಗ್ಯಾರೇಜಿನಲ್ಲಿ ಹಳೇ ಜೀಪಿಗೆ ಹೊಸ ಸ್ಪ್ರಿಂಗು ಹಾಕಿಸಿ ನಾಲ್ಕಿಂಚು ಎತ್ತರಿಸಿಕೊಂಡಂದಿನಿಂದ ಅರಕೆರೆಯ ಮರಿಸ್ವಾಮಣ್ಣ ದಾರಿಹೋಕರನ್ನೆಲ್ಲ "ಏನ್ಲಾ, ಕೆಳಗಡೆ ಬಿಸ್ಲು ಜಾಸ್ತಿಯಾ?" ಎಂದೇ ಮಾತಾಡಿಸುವುದು. ಹತ್ತಲಾಗದೆ "ಇದೇನ್ ಜೀಪಾ, ಅಟ್ಟವಾ?" ಎಂದು ಬೈದ ಹೆಂಡತಿ ನಿಂಗಮ್ಮನಿಗೆ ಅವನೊಂದು ಸ್ಟೂಲು ಮಾಡಿಸಿದ್ದ. ಅವಳು ತೀರಿಕೊಂಡು ವರ್ಷವಾದರೂ ಹೊರಡುವ ಮುನ್ನ ಎಡಬಾಗಿಲು ತೆರೆದು, ಸ್ಟೂಲಿಟ್ಟು, "ನಿಧಾನ ಕಣಮ್ಮಿ, ಮ್ಯಾಕತ್ಕೊ" ಎಂದು ಕಾಯುತ್ತಾನೆ. ದಾರಿಗಿಳಿದರೆ ಜೀಪು ಎಡಕ್ಕೆ ವಾಲುತ್ತದೆಂದು ಪಾಷಾ ಎರಡು ಸಲ ಸ್ಪ್ರಿಂಗು ಬದಲಿಸಿದ. ಮೂರನೆಯ ಸಲ ಮರಿಸ್ವಾಮಣ್ಣ ಅವನ ಕೈ ಹಿಡಿದುಕೊಂಡ. "ಬ್ಯಾಡ ಸಾಬ್ರೇ, ಸಮ ಮಾಡ್ಬುಟ್ರೆ ಅವ್ಳು ಇಳ್ದೋದಾಳು." ಪಾಷಾ ನಕ್ಕು ಅಳತೆ ಟೇಪು ಹಿಡಿದ, ಎರಡೂ ಕಡೆ ಸಮವಿತ್ತು. ಮರಿಸ್ವಾಮಣ್ಣ ಸ್ಟೂಲಿಟ್ಟು ಕರೆದ. ಖಾಲಿ ಸೀಟಿನ ಕೆಳಗೆ ಸ್ಪ್ರಿಂಗು ಮೆಲ್ಲಗೆ ಎರಡು ಬೆರಳು ಕುಗ್ಗಿತು. ಜೊತೆಗೊಂದು ಸುತ್ತು ಹೋಗಿ ನೋಡಲೆಂದು ಎಡಬಾಗಿಲಿಗೆ ಬಂದಿದ್ದ ಪಾಷಾ ಹಿಂದಿನ ಸೀಟಿಗೆ ಹೋಗಿ ಕೂತ.