ಹಾರ್ನ್ ಇಲ್ಲದ ಟ್ಯಾಂಕರ್

ಅವನನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಪುಣ್ಯಾತ್ಮ ಕೂತಲ್ಲಿ ಕೂತವನಲ್ಲ, ನಿಂತಲ್ಲಿ ನಿಂತವನಲ್ಲ. ಪರಿಹಾರ ಕಚೇರಿಯ ಬೆಂಚಿನ ಮೇಲೆ ಅವನು ಕೂತರೆ ಬೆಂಚೇ ಕುಣಿಯುತ್ತಿತ್ತು, ಅಷ್ಟು ಜೋರಾಗಿ ಮಂಡಿ ಅಲ್ಲಾಡಿಸುತ್ತಿದ್ದ. ಕಚೇರಿ ನೋಡಿಕೊಳ್ಳುವ ಮೇಡಂ, "ಒಂಚೂರು ಮಂಡಿ ನಿಲ್ಸಿ ಅಣ್ಣ, ನನ್ನ ಟೀ ಚೆಲ್ಲುತ್ತೆ" ಅನ್ನುತ್ತಿದ್ದರು. ನಿಲ್ಲಿಸುತ್ತಿದ್ದ. ಅವರು ಫೋನ್ ಎತ್ತಿಕೊಂಡ ಕೂಡಲೇ ಮತ್ತೆ ಶುರು.

ಈಚೆಗಂತೂ ಅದು ವಿಪರೀತಕ್ಕೆ ಹೋಗಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು. ಅವನ ಒಬ್ಬಳೇ ಮಗಳನ್ನು ಬೆಟ್ಟದಾಚೆಯ ಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮನೆಯಲ್ಲಿ ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಆ ಪಟ್ಟಣದಲ್ಲಿ ಈಗ ಬಂದೂಕಿನವರು ಬಂದೂಕಿನವರ ಜೊತೆ ಬಡಿದಾಡುತ್ತಿದ್ದರು. ಅಲ್ಲಿನ ಜನ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬೆಟ್ಟ ಇಳಿಯುತ್ತಿದ್ದರು. ಗುಬ್ಬಿ ಅವರಲ್ಲಿದ್ದಾಳೋ ಇಲ್ಲವೋ, ಹೇಳುವವರಿಲ್ಲ. ಅವಳ ಪುಟ್ಟ ಮಗಳನ್ನು ಅಜ್ಜ ಅಜ್ಜಿ ಇನ್ನೂ ಕಣ್ಣಲ್ಲಿ ನೋಡಿಯೂ ಇರಲಿಲ್ಲ.

ಮಗಳಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಸಿಗ್ನಲ್ ಇಲ್ಲ. ಅವಳೇ ಮಾಡಲಿ ಎಂದರೆ ಇವರ ನಂಬರೂ ಇಲ್ಲ, ಮನೆಯೂ ಇಲ್ಲ. ಫೋನಿನ ಸಮೇತ ಮನೆಯನ್ನು ಹಿಂದಿನ ವರ್ಷ ನದಿ ನುಂಗಿತ್ತು. ಅದೂ ಮಳೆಗಾಲದಲ್ಲಲ್ಲ, ಬಟ್ಟೆ ಒಣಗಿಸುವ ಬೇಸಿಗೆಯಲ್ಲಿ. ಹಿಂದೆಲ್ಲ ನದಿಗೆ ಒಂದು ಲೆಕ್ಕಾಚಾರ ಇತ್ತು. ಈಗ ಅದಕ್ಕೂ ತಲೆ ಕೆಟ್ಟಿದೆ, ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಅದಕ್ಕೇ ಗೊತ್ತಿಲ್ಲ. ದಡದ ಮಂದಿಯನ್ನೆಲ್ಲ ಮೇಲಿನ ಬಯಲಿಗೆ ತಂದು ಟಾರ್ಪಾಲಿನ ಕೆಳಗೆ ಕೂರಿಸಿದರು. ಊರಲ್ಲಿ ಲಾರಿ ಓಡಿಸುತ್ತಿದ್ದ ಪಾದರಸನ ಕೈಗೆ ನೀರಿನ ಟ್ಯಾಂಕರ್ ಕೊಟ್ಟರು. ನೀರು ಮನೆ ಕಿತ್ತುಕೊಂಡಿತು, ನೀರೇ ಕೆಲಸ ಕೊಟ್ಟಿತು ಎಂದು ಅವನು ನಗುತ್ತಿದ್ದ. ಹೆಂಡತಿಗೆ ಆ ನಗು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ಟ್ಯಾಂಕರುಗಳು ಒಂದೆರಡಲ್ಲ, ಸಾಲೇ ಇತ್ತು. ಕೆಳಗಿನ ರಸ್ತೆ ನೀರಿನಲ್ಲಿ ಮುಳುಗಿದ ಮೇಲೆ ಉಳಿದವು ಆಚೆ ದಡದಲ್ಲೇ ಸಿಕ್ಕಿಹಾಕಿಕೊಂಡವು. ಮೇಲಿನ ರಸ್ತೆಯಲ್ಲಿ ತರೋಣವೆಂದರೆ ಬೆಟ್ಟದ ತಿರುವಿನಾಚೆ ಬಂದೂಕಿನವರ ಗೇಟು. ಮೇಡಂ ದಿನವಿಡೀ ಒಮ್ಮೆ ಆ ಕಡೆಯವರಿಗೆ, ಒಮ್ಮೆ ಈ ಕಡೆಯವರಿಗೆ ಫೋನಿನಲ್ಲಿ ಕೈಮುಗಿಯುತ್ತಿದ್ದರು. ಹೀಗೆ ಇಡೀ ಬಯಲಿಗೆ ಪಾದರಸನ ಟ್ಯಾಂಕರ್ ಒಂದೇ ಗತಿಯಾಯಿತು.

ಅದಕ್ಕೊಂದು ಹಾರ್ನ್ ಇತ್ತು. ಹಾರ್ನ್ ಅಂದರೆ ಅಂತಿಂಥ ಹಾರ್ನ್ ಅಲ್ಲ, ಸತ್ತವರೂ ಎದ್ದು ಕೂರಬೇಕು. ದಡದ ಹೆಂಗಸರು ಬಿಂದಿಗೆಗಳನ್ನು ಸಾಲಾಗಿ ಇಟ್ಟು, ಪಾಳಿಯನ್ನು ಅವುಗಳಿಗೇ ಒಪ್ಪಿಸಿ, ಸೌದೆಗೋ ಕೂಲಿಗೋ ಹೋಗುತ್ತಿದ್ದರು. ಅವರಿಗೆ ದೂರದವರೆಗೂ ಕೇಳಲಿ ಎಂದು ಕಚೇರಿಯವರೇ ಹಾಕಿಸಿದ್ದು. ಪಾದರಸನಿಗೆ ಅದರ ಮೇಲೆ ಪ್ರಾಣ. ಬಯಲಿನ ತಿರುವಿಗೆ ಬರುತ್ತಿದ್ದಂತೆ ಉದ್ದಕ್ಕೆ ಒತ್ತುತ್ತಿದ್ದ. ಒತ್ತಿದ ಕೂಡಲೇ ಜನ ನಾಲ್ಕೂ ಕಡೆಯಿಂದ ಓಡಿ ಬರುವುದನ್ನು ನೋಡುವುದೇ ಅವನಿಗೆ ದಿನದ ಸುಖ.

ಬೆಟ್ಟದಿಂದ ಇಳಿದವರು ಮಾತ್ರ ಬರುತ್ತಿರಲಿಲ್ಲ. ಬಯಲಿನ ಇನ್ನೊಂದು ಅಂಚಿನಲ್ಲಿ, ಕೊರಕಲಿನ ಪಕ್ಕ ಅವರ ಬಿಡಾರ. ಪಾದರಸ ಗಾಡಿ ತಂದಾಗಲೆಲ್ಲ ಅಲ್ಲಿ ಒಂದು ನರಪಿಳ್ಳೆಯೂ ಕಾಣಿಸದು. ಮಗಳ ಮುಖ ಹುಡುಕಲು ಕತ್ತು ಚಾಚಿ ಚಾಚಿ ನೋಡುತ್ತಿದ್ದ. ಅಷ್ಟರಲ್ಲಿ ಟ್ಯಾಂಕ್ ಖಾಲಿಯಾಗುತ್ತಿತ್ತು, ನೀರು ತುಂಬಿಕೊಳ್ಳುವ ಬಾವಿ ಬತ್ತುವುದರೊಳಗೆ ಕಚೇರಿಗೂ ಒಂದು ಸಲ ತುಂಬಿ ತರಬೇಕೆಂದು ಹಿಂದಿರುಗುತ್ತಿದ್ದ.

"ಕೊಬ್ಬು ಅವರಿಗೆ. ನಮ್ಮ ಜೊತೆ ಸಾಲಲ್ಲಿ ನಿಲ್ಲೋಕೆ ಮರ್ಯಾದೆ ಅಡ್ಡ ಬರುತ್ತೆ" ಎಂದು ದಡದ ಹೆಂಗಸರು ಮುಖ ಸಿಂಡರಿಸುತ್ತಿದ್ದರು. ಹೆಂಡತಿಯೂ ಅದೇ ಮಾತು ಆಡುತ್ತಿದ್ದಳು. ಆಡಿ, ತಕ್ಷಣ ಗಂಡನ ಮುಖ ನೋಡಿ, "ಸಿಕ್ಕಳಾ?" ಎಂದು ಕೇಳುತ್ತಿದ್ದಳು. ಬರಬರುತ್ತ ಕೇಳುವುದನ್ನೂ ಬಿಟ್ಟಳು. ಅದು ಅವನಿಗೆ ಇನ್ನೂ ದೊಡ್ಡ ಹಿಂಸೆಯಾಯಿತು.

ಒಂದು ದಿನ ಬೆಳಿಗ್ಗೆ ಹಾರ್ನ್ ಕೆಟ್ಟಿತು. ಕೆಳಗಿನ ರಸ್ತೆಯ ನೀರಿನಲ್ಲಿ ಗಾಡಿ ಇಳಿಸಿದ್ದರ ಫಲ, ಎಷ್ಟು ಒತ್ತಿದರೂ ಉಸಿರಿಲ್ಲ. ಪಾದರಸ ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ಬಯಲಿಗೆ ಬಂದು ನಿಂತ. ಬಿಂದಿಗೆಗಳ ಸಾಲು ಇತ್ತು, ಜನ ಇರಲಿಲ್ಲ. ಇಳಿದ, ಹತ್ತಿದ, ಮತ್ತೆ ಇಳಿದ, ಟೈರಿಗೆ ಒದ್ದ. ಕೊನೆಗೆ ಮೆಟ್ಟಿಲ ಮೇಲೆ ಕೂತು ಮಂಡಿ ಅಲ್ಲಾಡಿಸತೊಡಗಿದ.

ಕೊರಕಲಿನ ಕಡೆಯಿಂದ ಒಬ್ಬ ಮುದುಕಿ ಖಾಲಿ ಕ್ಯಾನು ಹಿಡಿದು ಬಂದಳು. ಅವಳ ಹಿಂದೆ ನಾಲ್ಕಾರು ಹೆಂಗಸರು. ತುಟಿ ಬಿರುಕು ಬಿಟ್ಟಿದ್ದವು.

ಪಾದರಸನಿಗೆ ರೇಗಿತು. "ಏನಜ್ಜಿ, ಇವತ್ತು ದೊಡ್ಡ ಮನಸ್ಸು ಮಾಡಿದ್ರಿ? ಇಷ್ಟು ದಿನ ಎಲ್ಲಿ ಹೋಗಿದ್ರಿ?"

"ಕೊರಕಲಲ್ಲಿ ಮಲಗಿರ್ತಿದ್ವಿ."

"ನೀರಿನ ಗಾಡಿ ಬಂದಾಗ ಮಲಗೋದಾ?"

"ನಮ್ಮೂರಲ್ಲಿ ಗುಂಡು ಬೀಳೋ ಮುಂಚೆ ಒಂದು ಗಾಡಿ ಹೀಗೇ ಉದ್ದಕ್ಕೆ ಕೂಗ್ತಾ ಓಡಾಡೋದು. ಅಡಗಿಕೊಳ್ಳಿ ಅಂತ. ಕೂಗು ಕೇಳಿ ಅಡಗಿದವರು ಉಳ್ಕೊಂಡ್ವಿ." ಮುದುಕಿ ಕ್ಯಾನನ್ನು ನೆಲಕ್ಕಿಟ್ಟಳು. "ಇದು ನೀರಿನ ಗಾಡಿ ಅಂತ ಮೊನ್ನೆ ಗೊತ್ತಾಯ್ತಪ್ಪ. ಗೊತ್ತಾದ್ರೂ ಕಾಲು ಕೇಳಬೇಕಲ್ಲ."

ಪಾದರಸ ಪ್ರೀತಿಯಿಂದ, ಒಂದು ದಿನವೂ ತಪ್ಪದೆ, ಒತ್ತಿದ್ದೇ ಒತ್ತಿದ್ದ. ನಾಚಿಕೆಯಿಂದ ಕಿವಿ ಬಿಸಿಯಾದವು. ಎದ್ದು ಪೈಪು ಬಿಚ್ಚಿ ಅವಳ ಕ್ಯಾನಿಗೆ ಹಿಡಿದ. ನಿಂತರೂ ಅವನ ಕಾಲು ಸುಮ್ಮನಿರಲಿಲ್ಲ.

ಮುದುಕಿ ಆ ಕಾಲನ್ನೇ ನೋಡಿದಳು. "ನಮ್ಮ ಜೊತೆನೂ ಒಬ್ಬಳಿದ್ಳು, ನಿನ್ನ ಹಾಗೇ. ಕೂತರೆ ಮಂಡಿ ಅಲ್ಲಾಡಿಸೋಳು. ಹುಬ್ಬಿನ ಮೇಲೊಂದು ಗಾಯದ ಕಲೆ. ಚಿಕ್ಕವಳಿದ್ದಾಗ ಅವರಪ್ಪನ ಲಾರಿಯಿಂದ ಬಿದ್ದಿದ್ದಂತೆ."

ಪೈಪು ಕೈಯಿಂದ ಜಾರಿತು. ನೀರು ಅವರಿಬ್ಬರ ಕಾಲ ಮೇಲೆ ಹರಿಯಿತು. ಮುದುಕಿ ಗಬಕ್ಕನೆ ಬಾಗಿ ಪೈಪನ್ನು ಹಿಡಿದಳು.

"ಎಲ್ಲಿದ್ದಾಳೆ?"

"ನಿನ್ನೆ ಹೊರಟುಹೋದಳು. ಕೊರಕಲಿನ ಗುಂಡೀಲಿದ್ದ ನೀರೂ ಬತ್ತಿತು, ಮಗು ನೀರು ನೀರು ಅಂತ ಒಂದೇ ಸಮ ಅಳ್ತಿತ್ತು. ಮೇಲಿನ ರಸ್ತೇಲಿ ಎಲ್ಲೋ ಒರತೆ ಇದೆಯಂತೆ ಅಂತ ಒಂದಷ್ಟು ಜನ ಹೋದರು, ಅವರ ಜೊತೆ. ಅಪ್ಪ ಅಮ್ಮನ್ನ ಹುಡುಕೋಣ ಅಂದರೆ ಅವರನ್ನ ಮನೆ ಸಮೇತ ನದಿ ತಗೊಂಡು ಹೋಯ್ತಂತೆ ಅಂತಿದ್ಳು."

ಗುಬ್ಬಿ ಇಲ್ಲೇ ಇದ್ದಳು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ಅವನು ಕೂಗಿಸಿದ್ದೂ ನಿಜ, ಅವಳಿಗೆ ಕೇಳಿದ್ದೂ ನಿಜ. ಈ ಕ್ಷಣವೇ ಗಾಡಿ ಎಬ್ಬಿಸಬೇಕು ಅನ್ನಿಸಿತು. ಆದರೆ ಎದುರಿಗೆ ಖಾಲಿ ಪಾತ್ರೆಗಳು ಒಂದರ ಹಿಂದೊಂದು ಬಂದು ನಿಂತಿದ್ದವು, ಎಲ್ಲವೂ ಇಷ್ಟು ದಿನ ಅವನ ಹಾರ್ನಿಗೆ ಹೆದರಿ ಒಣಗಿದ್ದವು. ಬಿಟ್ಟು ಹೋಗಲು ಅವನಿಗೆ ಮುಖವಿರಲಿಲ್ಲ. ತುಂಬಿಸಿದ. ಅವಸರಕ್ಕೆ ಅರ್ಧ ಹೊರಗೇ ಚೆಲ್ಲಿತು.

ಹಾರ್ನ್ ಕೇಳಿಸದ ದಡದವರು ನೀರಿನ ಸದ್ದು ಕೇಳಿ ಓಡಿ ಬಂದರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ. "ಏನ್ರೀ ಇದು? ಹಾರ್ನ್ ಹೊಡೀದೆ ಬೇರೆಯವರಿಗೆ ಸುರೀತಾ ಇದೀರಲ್ಲ, ನಾವೇನು ಮಣ್ಣು ತಿನ್ನಬೇಕಾ?"

"ಗುಬ್ಬಿ ಇಲ್ಲಿದ್ಳು ಕಣೇ," ಎಂದ. "ನಾನು ಹಾರ್ನ್ ಹೊಡೆದಾಗಲೆಲ್ಲ ಕೊರಕಲಿಗೆ ಇಳೀತಿದ್ಳಂತೆ. ನೀರು ಸಿಗದೆ ನಿನ್ನೆ ಹೋದಳು."

ಅವಳು ಮುದುಕಿಯ ಕೈಯಲ್ಲಿದ್ದ ಅರೆತುಂಬಿದ ಕ್ಯಾನನ್ನು ನೋಡಿದಳು, ದಡದವರ ಬಿಂದಿಗೆಗಳ ಸಾಲನ್ನು ನೋಡಿದಳು. ಆಮೇಲೆ ತನ್ನ ಬಿಂದಿಗೆಯನ್ನು ಸಾಲಿನಿಂದ ಎತ್ತಿ ಪಕ್ಕಕ್ಕಿಟ್ಟಳು. ಅವಳ ಹಿಂದಿನ ಹೆಂಗಸು ಏನೋ ಗೊಣಗಲು ಹೋಗಿ ಬಿಟ್ಟಳು. ಅವಳೂ ತನ್ನದನ್ನು ಎತ್ತಿಟ್ಟಳು. ಮುದುಕಿ ತಾನೇ ಹೋಗಿ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಳು. "ಇದ್ದದ್ದು ತಗೊಂಡು ಹೋಗಪ್ಪ. ಆ ದಾರೀಲಿ ಅವಳೊಬ್ಬಳೇ ಅಲ್ಲ."

ಗಂಡ ಹೆಂಡತಿ ಮೇಲಿನ ರಸ್ತೆ ಹಿಡಿದರು. ಕಚೇರಿಯ ಅಪ್ಪಣೆ ಇಲ್ಲ, ಗೇಟಿನವರ ಅಪ್ಪಣೆಯೂ ಇಲ್ಲ. ಕೆಲಸ ಹೋದರೆ ಹೋಗಲಿ ಎಂದು ಅವಳೇ ಅಂದಳು. ರಸ್ತೆಯಲ್ಲಿ ಬಿಟ್ಟುಹೋದ ಚಪ್ಪಲಿಗಳು, ಒಂದು ಹರಿದ ಚೀಲ. ಮನುಷ್ಯರ ಸುಳಿವಿಲ್ಲ. ತಿರುವು ಬಂದಾಗಲೆಲ್ಲ ಅವನ ಕೈ ತಾನಾಗಿ ಹಾರ್ನಿನ ಮೇಲೆ ಹೋಗುತ್ತಿತ್ತು. ಅದು ಕೆಟ್ಟಿದೆಯೆಂದು ನೆನಪಾದರೂ ಬೆಂಕಿ ಮುಟ್ಟಿದವನ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಗೇಟಿಗಿಂತ ಈಚೆಗೆ ರಸ್ತೆಯಡಿ ಒಂದು ಮೋರಿ ಇತ್ತು. ಅವನು ಗಾಡಿಯನ್ನು ಸ್ವಲ್ಪ ಹಿಂದೆಯೇ ಆಫ್ ಮಾಡಿದ. ಅದರೊಳಗೆ ಯಾರಾದರೂ ಅಡಗಿದ್ದರೆ ಎಂಜಿನ್ ಸದ್ದಿಗೂ ಹೆದರುತ್ತಾರೇನೋ ಎಂದು ಇಬ್ಬರೂ ನಡೆದೇ ಹೋದರು.

ಮೋರಿಯ ಬಾಯಲ್ಲಿ ಒಂದು ಪುಟ್ಟ ಹೆಣ್ಣುಮಗು ಕೂತಿತ್ತು. ಮುಖದ ತುಂಬ ಧೂಳು. ಒಳಗಿನ ಕತ್ತಲಿನಿಂದ ಒಂದು ಕೈ ಅದರ ಲಂಗ ಹಿಡಿದು ಎಳೆಯುತ್ತಿತ್ತು, ಮಗು ಜಪ್ಪಯ್ಯ ಅಂದರೂ ಜರುಗುತ್ತಿರಲಿಲ್ಲ. ಕೂತಲ್ಲೇ ಮಂಡಿ ಅಲ್ಲಾಡಿಸುತ್ತಿತ್ತು.

ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ನೆಲಕ್ಕೆ ಮಂಡಿಯೂರಿ ಮೋರಿಯೊಳಕ್ಕೆ ಬಗ್ಗಿದ.

"ಗುಬ್ಬಿ," ಎಂದ ಮೆಲ್ಲಗೆ. "ಹೊರಗೆ ಬಾ ಮಗಳೇ. ಇನ್ನು ಹಾರ್ನ್ ಹೊಡೆಯಲ್ಲ."