ಒಂಬತ್ತು ಮೀಟರ್, ಹನ್ನೆರಡು ಮೀಟರ್

ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗಿರಣಿಯೊಂದರ ಪರೀಕ್ಷಾ ವಿಭಾಗದಲ್ಲಿ ನಿಶ್ಚಿತಾಗೆ ಕೆಲಸ. ಗಂಡ ಅನಿರುದ್ಧ ಊರಾಚೆ ಸಚಿನ್ ಎಂಬಲ್ಲಿನ ಬಣ್ಣದ ಕಾರ್ಖಾನೆಗೆ ಹೋಗುತ್ತಿದ್ದ. ಅವನು ಗದಗಿನವನು, ಇವಳು ಹುಬ್ಬಳ್ಳಿಯವಳು. ದಾವಣಗೆರೆಯಲ್ಲಿ ಒಂದೇ ಬೆಂಚಿನಲ್ಲಿ ಜವಳಿ ಎಂಜಿನಿಯರಿಂಗ್ ಓದಿದವರಾದ್ದರಿಂದ ಮದುವೆಯಾದ ಮೇಲೂ ಇಬ್ಬರದೂ ಏಕವಚನವೇ.

ರಾಮೇಶ್ವರಕ್ಕೆ ಪ್ರವಾಸ ಹೋದಾಗ ಅವರಿಗೆ ಕೈಟ್‌ಸರ್ಫಿಂಗ್ ಹುಚ್ಚು ಹಿಡಿದಿತ್ತು. ಕಾಲ ಕೆಳಗೊಂದು ಹಲಗೆ, ಉದ್ದ ಹಗ್ಗಗಳಿಂದ ಸೊಂಟಕ್ಕೆ ಕಟ್ಟಿದ ದೊಡ್ಡ ಬಟ್ಟೆಯ ಪಟ. ಅದು ಎಳೆದತ್ತ ನೀರಿನ ಮೇಲೆ ಜಾರುವುದು. ತಿರುಗಿ ಬಂದವರೇ ಹಳೆಯವೆರಡು ಪಟ ಕೊಂಡರು. ಪಟ ದೊಡ್ಡದಾದಷ್ಟೂ ಎಳೆತ ಹೆಚ್ಚು; ಹಗುರ ಮೈಯ ಅವಳಿಗೆ ಒಂಬತ್ತು ಚದರ ಮೀಟರಿನದು, ಅವನಿಗೆ ಹನ್ನೆರಡರದು. ಬೇಸಿಗೆಯ ಭಾನುವಾರಗಳಲ್ಲಿ ಸುವಾಲಿಯ ಕಡಲದಂಡೆಯೇ ಅವರ ಮನೆಯಾಯಿತು.

ಅನಿರುದ್ಧನ ಪಟಕ್ಕೆ ವಯಸ್ಸಾಗಿತ್ತು. ಬಿಸಿಲು ಉಪ್ಪು ತಿಂದ ಬಟ್ಟೆ ಹಳೇ ಪಂಚೆಯಂತೆ ಮೆತ್ತಗಾಗಿ, ಗಾಳಿಯನ್ನು ಹಿಡಿಯದೆ ಸೋಸಿಬಿಡುತ್ತಿತ್ತು. ಮುಂದಕ್ಕೆ ಹಾರುವ ಬದಲು ಹಿಂದಕ್ಕೆ ಜೋಲುತ್ತಿತ್ತು. ಎಳೆತ ಬೇಕೆಂದರೆ ಹಗ್ಗಗಳು ಬಂದು ಸೇರುವ ಕೈಯಲ್ಲಿನ ಕೋಲನ್ನು ಎದೆಗೆ ಒತ್ತಿಯೇ ಹಿಡಿಯಬೇಕು. ಅವನ ಕೈ ಅದಕ್ಕೆ ಒಗ್ಗಿಹೋಗಿತ್ತು. ಜೋರು ಗಾಳಿಯಲ್ಲೂ ಹನ್ನೆರಡನ್ನೇ ಹಾರಿಸಿ, ತಾನು ಪಳಗಿದೆನೆಂದುಕೊಂಡಿದ್ದ.

ಮೇ ತಿಂಗಳಲ್ಲಿ ಹೊಸದು ಬಂತು. ಅದೂ ಹನ್ನೆರಡೇ. ಮರಳ ಮೇಲೆ ಬಿಚ್ಚಿದಾಗ ಬಟ್ಟೆ ಹೊಸ ನೋಟಿನಂತೆ ಗರಗರ ಅಂದಿತು. ಮಧ್ಯಾಹ್ನದ ಕಡಲಗಾಳಿ ಏರುತ್ತಿತ್ತು. ಅಲೆಗಳ ನೆತ್ತಿಯೆಲ್ಲ ಬಿಳಿಯಾಗಿತ್ತು.

"ಇವತ್ತ ನಂದು ಒಂಬತ್ತರದ್ದು ತಗೋ, ಅನಿ. ಗಾಳಿ ಇನ್ನೂ ಏರತದ."

"ಇದಕ್ಕಿಂತ ಜೋರ್ ಗಾಳ್ಯಾಗ ಹನ್ನೆರಡು ಹಾರಿಸೇನಿ. ನೀನ ನೋಡಿಲ್ಲೇನು?"

"ಅದು ಸೋರೋ ಪಟ. ಹನ್ನೆರಡಂತ ಬರದಿತ್ತು ಅಷ್ಟ. ಎಳೀತಿದ್ದದ್ದು ಒಂಬತ್ತರಷ್ಟ."

"ಒಂದ ಸುತ್ತು ಹೋಗಿ ಬರ್ತೀನಿ. ಹಿಡಿ."

ಅವಳು ಹಿಡಿದಳು. ಗಾಳಿಗೆದುರಾಗಿ ಪಟದ ಅಂಚನ್ನು ಎತ್ತಿ ನಿಂತಾಗ ಅದು ತೋಳು ಕಿತ್ತುಕೊಳ್ಳುವಂತೆ ಜಗ್ಗಿತು. ಬೇಡವೆಂದು ಇನ್ನೊಮ್ಮೆ ಹೇಳಬೇಕೆನ್ನಿಸಿತು. ಹಗ್ಗಗಳ ಆಚೆ ತುದಿಯಲ್ಲಿ ಅವನು ಹೆಬ್ಬೆರಳು ಎತ್ತಿದ. ಅವಳು ಕೈಬಿಟ್ಟಳು.

ಪಟ ನೆಟ್ಟಗೆ ನೆತ್ತಿಗೇರಿತು. ಅದೇ ಹೊತ್ತಿಗೆ ಗಾಳಿಯ ಹೊಡೆತ ಬಂತು. ಕೋಲನ್ನು ದೂರ ಬಿಟ್ಟಿದ್ದರೆ ಎಳೆತ ಇಳಿಯುತ್ತಿತ್ತು. ಅಭ್ಯಾಸದ ಕೈ ಎದೆಗೆಳೆದುಕೊಂಡಿತು. ಅವನು ತೆಂಗಿನ ಮರದೆತ್ತರಕ್ಕೆ ಹೋದದ್ದನ್ನೂ, ದಂಡೆಯ ಹಿಂದಿನ ಕಲ್ಲುರಾಶಿಯ ಮೇಲೆ ಬಿದ್ದದ್ದನ್ನೂ ಅವಳು ನಿಂತಲ್ಲಿಂದಲೇ ನೋಡಿದಳು. ಅವನು ಕೂಗಲಿಲ್ಲ.

ಜೀವ ಉಳಿಯಿತು. ಕುತ್ತಿಗೆಯಿಂದ ಕೆಳಗೆ ಏನೂ ಸ್ವಾಧೀನದಲ್ಲಿ ಉಳಿಯಲಿಲ್ಲ.

ಗದಗಿನಿಂದ ಅತ್ತೆ ನಳಿನಿ ಬಂದು ನಿಂತರು. ಸೊಸೆಯನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಒಂದು ದಿನ ಮಾತ್ರ ಅಡುಗೆಮನೆಯಲ್ಲಿ ಕೇಳಿದರು: "ಪಟ ಹಿಡಕೊಂಡಾಕಿ ನೀನ ಅಂತಲ್ಲವಾ?"

"ಹೌದ್ರಿ ಅತ್ತಿ."

ಅನಿರುದ್ಧನನ್ನು ಕಾಡುತ್ತಿದ್ದುದು ಬೇರೆ. ಪಟದಲ್ಲೇ ದೋಷವಿತ್ತೆಂದು ಅವನು ನಂಬಿದ್ದ. "ಒಮ್ಮೆ ಹಾರಿಸಿ ನೋಡು, ನಿಶ್ಚಿ," ಅಂತ ದಿನಾ ಗೋಗರೆದ. ಕಡೆಗೆ ಮಳೆ ಮುಗಿದ ಮೇಲೆ, ಮೆಲುಗಾಳಿಯ ಬೆಳಿಗ್ಗೆಯೊಂದರಲ್ಲಿ, ಹರಿದಲ್ಲಿ ಹೊಲಿಗೆ ಹಾಕಿಸಿದ ಆ ಪಟವನ್ನು ಅವಳು ಸುವಾಲಿಗೆ ಒಯ್ದಳು. ಅದು ಹಕ್ಕಿಯಂತೆ ಮುಂದೆ ಹಾರಿತು. ಕೋಲು ಸಡಿಲಿಸಿದರೆ ತಕ್ಷಣ ತಣ್ಣಗಾಯಿತು, ಎಳೆದರೆ ತಕ್ಷಣ ಎಳೆತ ಕೊಟ್ಟಿತು. ಅಂಥ ಒಳ್ಳೆಯ ಪಟವನ್ನು ಅವಳು ಹಿಡಿದೇ ಇರಲಿಲ್ಲ. ದೋಷವಿತ್ತೆಂದು ಹೇಳಿದರೇನು ಅಂತ ದಾರಿಯುದ್ದಕ್ಕೂ ಯೋಚಿಸಿದಳು. ಹೇಳಲಾಗಲಿಲ್ಲ.

"ಪಟ ಚಲೋ ಅದ, ಅನಿ."

ಅವನು ಸೂರಿನತ್ತ ಕಣ್ಣು ಹೊರಳಿಸಿದ. "ಹಂಗಾದ್ರ ನನ್ನ ಕೈನ ಸುಳ್ಳು ಕಲಿತಿತ್ತು," ಅಂದ. ಆಮೇಲೆ ಪಟದ ಮಾತೆತ್ತಲಿಲ್ಲ. ನಿಧಾನಕ್ಕೆ ಬೇರೆ ಮಾತುಗಳನ್ನೂ ಬಿಟ್ಟ.

ಮರು ಬೇಸಿಗೆಯಲ್ಲಿ ತನ್ನ ಪಟವನ್ನೂ ಆ ಹೊಸದನ್ನೂ ಮಾರಲೆಂದು ಅವಳು ದಂಡೆಗೆ ಹೋದಳು. ವಡೋದರಾದಿಂದ ಬರುವ ನಿತಿನ್ ಅನ್ನುವ ತರುಣ ತನ್ನ ದೊಡ್ಡ ಪಟ ಹರಡಿಕೊಂಡು ಹಿಂದಿಯಲ್ಲಿ ಕರೆದ: "ದೀದಿ, ಸ್ವಲ್ಪ ಹಿಡೀತೀರಾ?"

ಅಲೆಗಳ ನೆತ್ತಿ ಬಿಳಿಯಾಗಿತ್ತು. "ಈ ಗಾಳಿಗೆ ನಿಮ್ಮ ಪಟ ದೊಡ್ಡದಾಯ್ತು. ಚಿಕ್ಕದು ತನ್ನಿ, ಹಿಡೀತೀನಿ," ಅಂದಳು. ಯಾಕೆಂದೂ ಹೇಳಿದಳು. ಅವನು ನಕ್ಕು ಬೇರೆಯವರನ್ನು ಕರೆದ. ಪಟ ಏರಿತು. ನಿಶ್ಚಿತಾ ನೋಡುತ್ತ ನಿಂತಳು. ಏನೂ ಆಗಲಿಲ್ಲ. ಅವನು ದೂರದವರೆಗೆ ಜಾರಿ, ನೆಗೆದು, ತಿರುಗಿ ಬಂದು ಕೈಬೀಸಿದ.

ಹೀಗೇ ಆಗುತ್ತದೆ ಅನ್ನಿಸಿತು ಅವಳಿಗೆ. ಎಷ್ಟೋ ಸಲ ಏನೂ ಆಗುವುದಿಲ್ಲ.

ಪಟಗಳನ್ನು ಯಾರೂ ಕೊಳ್ಳಲಿಲ್ಲ. ಗಂಡನ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅತ್ತೆಯೊಬ್ಬರಿಂದ ಅದು ಆಗದು. ಅವಳು ಚೀಲಗಳನ್ನು ಸ್ಕೂಟರಿಗೆ ಬಿಗಿದು ಹೊರಟಳು.