ಪುಸ್ತಕ ಹಿಡಿದವಳು

ನಾಸಿಕದ ನಮ್ಮ ಕನ್ನಡ ಮಂದಿ ಸೇರಿ ಆಡಿದ ನಾಟಕದಲ್ಲಿ ಮುಖ್ಯ ಪಾತ್ರ ನನ್ನ ತಂಗಿಗೆ ಸಿಕ್ಕಿತು, ನನಗೆ ಪುಸ್ತಕ ಸಿಕ್ಕಿತು. ಪುಸ್ತಕ ಹಿಡಿಯುವುದೆಂದರೆ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಯಾರಾದರೂ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು. ಹತ್ತು ವರ್ಷದವರೆಗೆ ಬೀದರಿನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು ನಾನು. ತಂಗಿ ಹುಟ್ಟಿದ್ದೇ ನಾಸಿಕದಲ್ಲಿ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಆದರೂ ಪಾತ್ರ ಅವಳಿಗೆ!

“ನಿನ್ ಕನ್ನಡ ಭಾಳ ಶುದ್ಧ ಅದ. ಅದಕ್ಕೇ ಪುಸ್ತಕ ನೀ ಹಿಡಿ,” ಎಂದರು ನಾಟಕ ಕಲಿಸುತ್ತಿದ್ದ ಸರ್. ಕಲಬುರಗಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಅವರೆದುರು ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ತಂಗಿಯ ಮುಖ ಚೆಂದ, ದನಿ ಗಟ್ಟಿ, ಅದು ನಿಜವೇ. ಆ ನಿಜವೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಸಾಲದ್ದಕ್ಕೆ ಅವಳ ಮಾತುಗಳನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಡುವ ಕೆಲಸವೂ ನನ್ನದೇ. ಸಂಜೆ ಅಡುಗೆಮನೆಯಲ್ಲಿ ಅವಳು ಓದುತ್ತಿದ್ದಳು, ನಾನು ತಿದ್ದುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತ, “ಎಷ್ಟ್ ಚಂದ ಅಂತಾಳ ನೋಡು,” ಎಂದು ಹಿಗ್ಗುತ್ತಿದ್ದಳು. ತಿದ್ದಿದವಳನ್ನು ಯಾರು ಕೇಳಬೇಕು?

ನಾಟಕದ ಕಥೆ ಇಷ್ಟೆ. ಅರಸ ಒಬ್ಬ ಸೈನಿಕನನ್ನು ಕೋಟೆಯಿಂದ ಹೊರಗಟ್ಟಿದ್ದಾನೆ. ಅವನಿಗೆ ಬಾಗಿಲು ತೆಗೆದವರಿಗೆ ಮರಣದಂಡನೆ. ಬಾಗಿಲಿನ ಕೀಲಿ ಇರುವುದು ಆ ಸೈನಿಕನ ತಂಗಿಯ ಕೈಯಲ್ಲಿ; ಅದೇ ನನ್ನ ತಂಗಿಯ ಪಾತ್ರ. ಕೊನೆಗೆ ಅವಳು, “ಅರಸರ ಆಜ್ಞೆ ದೊಡ್ಡದು. ಆದರೆ ಹೊರಗೆ ನಿಂತವನು ನನ್ನ ಒಡಹುಟ್ಟಿದವನು,” ಎಂದು ಬಾಗಿಲು ತೆಗೆಯಬೇಕು.

ಛತ್ರಪತಿ ಸಂಭಾಜಿನಗರದಲ್ಲಿ ಸ್ಪರ್ಧೆ ಇತ್ತು. ಬಾಡಿಗೆ ಗಾಡಿ ದಾರಿಯ ಯೇವಲಾ ಊರು ದಾಟುವಾಗ ಸರ್ ನನ್ನತ್ತ ತಿರುಗಿದರು.

“ಇವತ್ತು ಪುಸ್ತಕ ಕೈಯಾಗ ಇರ್ಲಿ, ಅಷ್ಟೇ. ಪರದೆ ಹಿಂದಿಂದ ಒಂದ್ ಮಾತು ಕೇಳಿಸಿದ್ರೂ ಮಾರ್ಕ್ಸ್ ಕಡಿತಾರ. ಯಾರು ಮಾತು ಮರೆತು ನಿಂತ್ರೂ ನೀ ಬಾಯಿ ಬಿಡಬ್ಯಾಡ.”

“ಹೂನ್ರಿ ಸರ್,” ಎಂದೆ.

ಕೊನೆಯ ದೃಶ್ಯ ಬಂತು. “ಅರಸರ ಆಜ್ಞೆ ದೊಡ್ಡದು. ಆದರೆ...” ಎಂದವಳು ಅಲ್ಲಿಗೇ ನಿಂತಳು. ಮುಂದಿನದು ಬರಲಿಲ್ಲ. ಮೆಲ್ಲಗೆ ನನ್ನತ್ತ ನೋಡಿದಳು. ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರವಿದ್ದೀತು. ನನ್ನ ಬೆರಳು ಆ ಸಾಲಿನ ಮೇಲೇ ಇತ್ತು. ದನಿ ಬೇಕಿರಲಿಲ್ಲ, ಬರೀ ತುಟಿ ಅಲ್ಲಾಡಿಸಿದ್ದರೂ ಅವಳಿಗೆ ಸಾಕಾಗುತ್ತಿತ್ತು. ನಾನು ಬಾಯಿ ಬಿಗಿದುಕೊಂಡೆ. ಸರ್ ಹೇಳಿದ್ದಾರಲ್ಲ! ಸುಳ್ಳು ಯಾಕೆ ಹೇಳಲಿ, ಸರ್ ಮಾತಿಗೆ ನಾನು ಅಷ್ಟೊಂದು ಬೆಲೆ ಕೊಟ್ಟದ್ದು ಅದೊಂದೇ ದಿನ. ಎಲ್ಲರೆದುರು ಒಮ್ಮೆ ಸೋಲಲಿ ಇವಳು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಂಗಿ ಮಾತಿಲ್ಲದೆ ಬಾಗಿಲು ತೆಗೆದಳು, ಪರದೆ ಬಿತ್ತು.

ಸಭೆಯಲ್ಲಿ ಕೂತಿದ್ದ ಅವ್ವ ಬಣ್ಣದ ಕೋಣೆಗೆ ನೇರ ನನ್ನ ಹತ್ತಿರವೇ ಬಂದಳು. “ಪುಸ್ತಕ ನಿನ್ ಕೈಯಾಗೇ ಇತ್ತಲ್ಲ? ತಂಗಿ ಹಂಗ ನಿಂತಾಗ ಒಂದ್ ಮಾತು ಹೇಳ್ಲಾಕ ನಿನಗೇನಾಗಿತ್ತು?”

ಸರ್ ಅಲ್ಲೇ ಇದ್ದರು. ‘ಇವರೇ ಬೇಡ ಅಂದಿದ್ದರು’ ಎನ್ನುವುದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಂಗಿ ಬಾಯಿ ಹಾಕಿದಳು. ಅವಳ ಕಾಡಿಗೆ ಕೆನ್ನೆಗಿಳಿದಿತ್ತು.

“ಅಕ್ಕ ಹೇಳಿದ್ಳು ಅವ್ವಾ. ಎರಡ್ ಸಲ ಹೇಳಿದ್ಳು. ನನಗೇ ಕೇಳಿಸ್ಲಿಲ್ಲ, ಗಲತಿ ನಂದೇ.”

ಸರ್ ನನ್ನ ಮೇಲೆ ಸಿಡುಕಿದರು. “ಬ್ಯಾಡ ಅಂದಿದ್ನಲ್ಲ! ನನ್ ಮಾತಿಗಿ ಕಿಮ್ಮತ್ತೇ ಇಲ್ಲೇನು?”

“ಅಕ್ಕ ಅಲ್ಲೇನ್ರೀ ಸರ್, ಹ್ಯಾಂಗ ಸುಮ್ಮನಿರ್ತಾಳ?” ಎಂದು ಅವ್ವ ಅವರೆದುರಿಗೇ ನನ್ನ ತಲೆ ಸವರಿದಳು.

ತಂಗಿ ನನ್ನತ್ತ ನೋಡಲಿಲ್ಲ. ಕನ್ನಡಿಯ ಮುಂದೆ ಕೂತು ಬಣ್ಣ ಒರೆಸತೊಡಗಿದಳು. ‘ಇಲ್ಲ’ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವ್ವನ ಕೈ ತಲೆಯ ಮೇಲಿದ್ದಷ್ಟು ಹೊತ್ತು ತಲೆ ಬಾಗಿಸಿಕೊಂಡೇ ಇದ್ದೆ. ಆಗಲೂ, ದೇವರಾಣೆ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು. ನನ್ನಿಂದ ತುಟಿ ಅಲ್ಲಾಡಿಸಲೂ ಆಗಿರಲಿಲ್ಲ, ಅವಳು ಅಷ್ಟು ಸಲೀಸಾಗಿ ಅಕ್ಕನ ಪರ ನಿಂತುಬಿಟ್ಟಿದ್ದಳು.